ಹಳ್ಳದ ದಂಡೆಯಲ್ಲಿ ನನ್ನ ರೇನ್‌ಕೋಟು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಬಾಯಿ ತೆರೆದರೆ ಅವರ ಕಥೆ ಮುಗಿಯುವ ತನಕ ಸುಮ್ಮನೆ ಕೂಡುವ ಪೈಕಿ ಅಲ್ಲ ನಾನು. ನಡುವೆಯೇ ತಡೆದು, "ಬೆಳಕು ಎಷ್ಟಿತ್ತು? ನೀವು ಕನ್ನಡಕ ಹಾಕಿದ್ದಿರೋ ಇಲ್ಲವೋ? ಊಟ ಆಗಿತ್ತೋ ಹೇಗೆ?" ಎಂದು ಫೌಜದಾರನ ಹಾಗೆ ಪ್ರಶ್ನೆ ಹಾಕಿ, ಹೇಳುವವರ ಮುಖ ಸಣ್ಣದು ಮಾಡುತ್ತಿದ್ದೆ. ಶಾಲೆಯಲ್ಲಿ ಕಲಿಸಿದವಳು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕಾರು ಎನ್ನುತ್ತಾರೆ. ನೀರು ಆವಿಯಾಗುವುದು, ಆವಿ ಮೋಡವಾಗುವುದು, ಮೋಡ ಮಳೆಯಾಗುವುದು, ಇದನ್ನೇ ವರ್ಷಗಟ್ಟಲೆ ಹಲಗೆಯ ಮೇಲೆ ಬರೆದು ತೋರಿಸಿದವಳಿಗೆ ಬೇರೆ ಏನನ್ನೂ ನಂಬುವ ಗರಜು ಬಿದ್ದಿರಲಿಲ್ಲ.

ಈಗ ನಾನು ಹೇಳಹೊರಟದ್ದನ್ನು ಇನ್ನೊಬ್ಬರು ಹೇಳಿದ್ದರೆ ನಾನೇ ಹೊಟ್ಟೆ ಹಿಡಿದು ನಗುತ್ತಿದ್ದೆ. ನೀವೂ ನಗಬಹುದು, ನನಗೆ ಬೇಸರವಿಲ್ಲ. ಪೂರ್ತಿ ಓದಿ ನಗಿರಿ, ಅಷ್ಟೇ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಿಚಿತ್ರದಲ್ಲಿ ನಾನು ಏನನ್ನೂ ಕಾಣಲಿಲ್ಲ. ಕಂಡವರು ಬೇರೆಯವರು. ಅವರು ಕಂಡದ್ದು ನನ್ನನ್ನು!

ಅದಕ್ಕೆ ಮುಂಚೆ ರೇನ್‌ಕೋಟಿನ ವಿಷಯ ಹೇಳಲೇಬೇಕು. ಈಗ ರೇನ್‌ಕೋಟೆಂದರೆ ಗಾಡಿಯ ಡಿಕ್ಕಿಯಲ್ಲಿ ಮುದ್ದೆ ಮಾಡಿ ತುರುಕಿದ ಪ್ಲಾಸ್ಟಿಕ್ಕು. ಎಪ್ಪತ್ತರ ದಶಕದ ರೇನ್‌ಕೋಟು ಹಾಗಲ್ಲ ಸ್ವಾಮಿ! ಒಳಗೆ ಬಟ್ಟೆ, ಹೊರಗೆ ರಬ್ಬರು, ಮೊಣಕಾಲು ದಾಟುವ ಉದ್ದ, ಹಿಂದೆ ಜೋತುಬಿದ್ದ ಟೊಪ್ಪಿಗೆ, ಮುಂದೆ ಸಾಲಾಗಿ ಟಿಚ್ ಬಟನ್ನು. ಒಂದೊಂದು ಬಟನ್ ಒತ್ತಿದಾಗಲೂ ಟಕ್ ಎನ್ನುವುದು. ಆ ಟಕ್ ಟಕ್ ಕೇಳಿದರೆ ಮೈಗೆ ಬೀಗ ಹಾಕಿಕೊಂಡು ಕೀಲಿಯನ್ನು ನಮ್ಮ ಕೈಯಲ್ಲೇ ಇಟ್ಟುಕೊಂಡಷ್ಟು ಧೈರ್ಯ. ಅದರ ವಾಸನೆಯೇ ಬೇರೆ. ಹೊಸ ಸೈಕಲ್ ಟೈರಿಗೆ ಮುಖದ ಪೌಡರ್ ಹಚ್ಚಿದರೆ ಹೇಗೋ ಹಾಗೆ. ಬೇಸಿಗೆಯ ಕಾವಿಗೆ ರಬ್ಬರು ಒಂದಕ್ಕೊಂದು ಅಂಟಬಾರದೆಂದು ಮಡಿಕೆ ಮಡಿಕೆಗೂ ಪೌಡರ್ ಉದುರಿಸಿ ಇಡುತ್ತಿದ್ದೆ.

ಆ ಕೋಟಿನ ಹುಚ್ಚು ನನಗೆ ಹತ್ತಿದ್ದು ಬೆಳಗಾವಿಯಲ್ಲಿ. ನಾನು ಹುಟ್ಟಿ ಬೆಳೆದದ್ದು ಬಿಜಾಪುರದ ಜೋರಾಪುರ ಪೇಟೆಯಲ್ಲಿ. ಈಗ ವಿಜಯಪುರ ಎನ್ನುತ್ತಾರೆ, ನನ್ನ ಬಾಯಿಗೆ ಇನ್ನೂ ಬಿಜಾಪುರವೇ ಬರುತ್ತದೆ. ನಮ್ಮೂರಿನ ಮಳೆ ಅಂಗಳದಲ್ಲಿ ನಿಂತು ಮಾತಾಡಿಸಿ, ಚಹಾ ಕೂಡ ಕುಡಿಯದೆ ಹೋಗುವ ನೆಂಟ. ಟ್ರೇನಿಂಗಿಗೆಂದು ಬೆಳಗಾವಿಗೆ ಹೋದರೆ ಅಲ್ಲಿ ಅದೇ ನೆಂಟ ಹಾಸಿಗೆ ಬಿಚ್ಚಿ ಮಲಗಿಬಿಟ್ಟಿದ್ದ! ಸೀರೆಯುಟ್ಟ ಹುಡುಗಿ ಮಳೆಯಲ್ಲಿ ತೊಯ್ದರೆ ಏನಾಗುತ್ತದೆಂದು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೀರೆ ಮೈಗೆ ಅಂಟುತ್ತದೆ, ಕಣ್ಣುಗಳೂ ಅಂಟುತ್ತವೆ. ಪುಸ್ತಕ ಎದೆಗವಚಿಕೊಂಡು, ತಲೆ ಬಗ್ಗಿಸಿ, ಗೋಡೆ ಹಿಡಿದು ಓಡಬೇಕು.

ಒಂದು ದಿನ ನನ್ನ ರೂಮಿನ ಹುಡುಗಿ, ಖಾನಾಪುರದ ಕಡೆಯವಳು, ತನ್ನ ರೇನ್‌ಕೋಟನ್ನು ನನಗೆ ತೊಡಿಸಿ ಕಳಿಸಿದಳು. ಟೊಪ್ಪಿಗೆ ಮುಂದಕ್ಕೆ ಎಳೆದುಕೊಂಡು ರಸ್ತೆಗಿಳಿದೆ. ಅವ್ವನಾಣೆ ಹೇಳುತ್ತೇನೆ, ಅಂಥ ಸುಖ ನಾನು ಅಲ್ಲಿಯ ತನಕ ಕಂಡಿರಲಿಲ್ಲ. ತಲೆಯ ಮೇಲೆ ಚೀಲದಿಂದ ಜೋಳ ಸುರಿದ ಹಾಗೆ ಮಳೆಯ ಸದ್ದು, ಒಳಗೆ ನನ್ನ ಉಸಿರಿನ ಬಿಸಿ, ಕೆನ್ನೆಗೆ ಮಾತ್ರ ತಣ್ಣಗಿನ ಹನಿ. ಎದುರಿಗೆ ಬಂದವರಿಗೆ ನಾನು ಗಂಡೋ ಹೆಣ್ಣೋ, ಮುದುಕಿಯೋ ಹುಡುಗಿಯೋ ಒಂದೂ ತಿಳಿಯದು. ನಾನು ರಸ್ತೆಯ ನಟ್ಟನಡುವೆ ನಡೆದೆ. ಬೇಕೆಂದೇ ನಿಂತೆ. ಒಬ್ಬಳೇ ನಕ್ಕೆ. ಅವತ್ತೇ ತೀರ್ಮಾನ ಮಾಡಿದೆ, ನೌಕರಿ ಸಿಕ್ಕೊಡನೆ ಮೊದಲು ರೇನ್‌ಕೋಟು, ಆಮೇಲೆ ಬಂಗಾರ ಗಿಂಗಾರ.

ನೌಕರಿ ಸಿಕ್ಕಿತು. ಕೋಟೂ ಬಂತು, ತೊಯ್ದ ಬೇವಿನೆಲೆಯಂಥ ಕಡು ಹಸಿರು ಬಣ್ಣದ್ದು. ಆದರೆ ನೌಕರಿ ಸಿಕ್ಕ ಊರು ಯಾವುದು ಹೇಳಿ? ತಿಕೋಟಾ! ಬಿಜಾಪುರದಲ್ಲಾದರೂ ಮಳೆ ಮುಖ ತೋರಿಸಿ ಹೋಗುತ್ತಿತ್ತು, ತಿಕೋಟಾದಲ್ಲಿ ಅದೂ ಇಲ್ಲ. ನಾನು ಹೋದದ್ದೂ ಮಳೆ ಕೈಕೊಟ್ಟ ವರ್ಷಗಳಲ್ಲೇ. ಆಕಾಶ ತೊಳೆದಿಟ್ಟ ತಾಟಿನ ಹಾಗೆ ಬೋಳು. ನನ್ನ ಕೋಟು ಗೂಟಕ್ಕೆ ನೇತುಬಿದ್ದು ದೂಳು ತಿನ್ನುತ್ತಿತ್ತು. ಶಾಲೆಗೆ ಬರುತ್ತ ಹೋಗುತ್ತ ಜನ ಕೇಳುವರು, "ಅಕ್ಕಾರ, ನಿಮ್ಮ ಕೋಟ ಆರಾಮೈತೇನ್ರೀ?" ಇನ್ನೊಬ್ಬರು, "ಕೂದಲಿಲ್ದಾಕಿಗೆ ಹೆರಳಿನ ಚಿಂತಿ ಅಂತ, ಹಾಂಗಾತು ನೋಡ್ರಿ ನಿಮ್ಮ ಹಣೇಬಾರ."

ನನ್ನ ಜೊತೆ ಅವ್ವ ಇದ್ದಳು. ಅಪ್ಪ ತೀರಿಕೊಂಡ ಮೇಲೆ ಅವ್ವ, ನಾನು, ತಂಗಿ ಕಸ್ತೂರಿ ಮೂವರೇ. ನನಗೆ ಮದುವೆ ಕೂಡಿ ಬರಲಿಲ್ಲ. ಬರಲಿಲ್ಲ ಎಂದರೆ ನಾನೇ ಬರಗೊಡಲಿಲ್ಲ, ಆ ಮಾತು ಇಲ್ಲಿ ಬೇಡ. ಕಸ್ತೂರಿಯನ್ನು ಮಾತ್ರ ಬಬಲೇಶ್ವರದ ಒಳ್ಳೆಯ ಮನೆಗೆ ಕೊಟ್ಟಿದ್ದೆವು. ಮದುವೆಯಾಗದ ಹುಡುಗಿ ಪರವೂರಿನಲ್ಲಿ ಒಬ್ಬಳೇ ಇರಬಾರದೆಂದು ಅವ್ವ ಪೇಟೆಯ ಮನೆ ಬಿಟ್ಟು ತಿಕೋಟಾಕ್ಕೆ ಬಂದು ನನ್ನ ಜೊತೆ ಬಾಡಿಗೆ ಮನೆಯಲ್ಲಿದ್ದಳು. ನಾನು ಬಾಗಿಲು ಮುಚ್ಚಿ, ಕೋಟು ತೊಟ್ಟು, ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಳ್ಳುತ್ತಿದ್ದರೆ, "ಏನ ಬೇ, ಬಿಸಲು ತಲಿಗೇರೈತೇನ? ಇಂಥಾ ಧಗಿಯೊಳಗ ರಬ್ಬರಿನ ಒಳಗ ಕುಂದ್ರತಿಯಲ್ಲ!" ಎಂದು ಬೈಯುವಳು. ಬೆವರು ಧಾರಾಕಾರ ಸುರಿಯುತ್ತಿತ್ತು. ಆದರೂ ಆ ಟಕ್ ಟಕ್ ಬಿಡಲಾಗುತ್ತಿರಲಿಲ್ಲ.

ಆ ವರ್ಷ ಊರಲ್ಲಿ ಗುರ್ಜಿ ಹೊರಡಿಸಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಳೆ ಬಾರದಿದ್ದರೆ ರೊಟ್ಟಿ ಬೇಯಿಸುವ ಹಂಚಿನ ಮೇಲೆ ಸಗಣಿಯ ಬೊಂಬೆ ಕೂಡಿಸಿ, ಗರಿಕೆ ಚುಚ್ಚಿ, ಅದನ್ನು ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ ಮನೆ ಮನೆಗೆ ಒಯ್ಯುತ್ತಾರೆ. ಮನೆಯವರು ಅದರ ಮೇಲೆ ಕೊಡದಿಂದ ನೀರು ಸುರಿಯುತ್ತಾರೆ. ಹೊತ್ತವನು ಗರಗರ ತಿರುಗುತ್ತ ತೋಯುತ್ತಾನೆ. ಅವರು ನಮ್ಮ ಬಾಗಿಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ನೀರು! ಮೇಲಿನಿಂದ ಬೀಳುವ ನೀರು! ಓಡಿಹೋಗಿ ಕೋಟು ತೊಟ್ಟುಕೊಂಡು ಬಂದು ಗುರ್ಜಿಯ ಪಕ್ಕ ನಿಂತು, "ನನ್ನ ಮ್ಯಾಲೂ ಒಂದು ಕೊಡ ಸುರೀರಿ" ಎಂದೆ. ಹುಡುಗರು ಕೇಕೆ ಹಾಕಿ ಸುರಿದರು. ನೀರು ಕೋಟಿನ ಮೇಲೆ ಜಾರಿ ಜಾರಿ ಇಳಿಯಿತು. ನಾನು ಕುಣಿದೇ ಬಿಟ್ಟೆ.

ನಮ್ಮ ಮನೆಯ ಯಜಮಾನತಿ ನೀಲವ್ವಾಯಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಆಕೆಗೆ ಸಿಟ್ಟು ಬಂತು. "ಅಲ್ಲ ಅಕ್ಕಾರ, ಗುರ್ಜಿ ಮುಂದ ನಿಂತಾವ್ರು ತೋಯಬೇಕು. ಅಂದ್ರ ಮಳಿಗೆ ಕರುಳು ಚುರ್ ಅಂತೈತಿ. ನೀವು ಕೋಟ ಹಾಕ್ಕೊಂಡು ನಿಂತ್ರಿ. ಮಳಿ ಮ್ಯಾಲಿಂದ ನೋಡಿ ಏನಂದೀತು? ಈ ಊರಾಗ ನಾ ಬ್ಯಾಡಾದಾವ್ರು ಅದಾರ ಅಂದೀತು!" ಎಂದಳು. ಕೇಳಿದಿರಾ? ಮಳೆ ಬಾರದ್ದಕ್ಕೆ ಕಾರಣ ನನ್ನ ಕೋಟು! ನಾನು ಆವಿ, ಮೋಡ ಎಂದು ಪಾಠ ಹೇಳಲು ಹೋದೆ. ಮುದುಕಿ ಕೈ ಝಾಡಿಸಿದಳು. ಅಲ್ಲಿಂದ ಮುಂದೆ ಮೋಡ ಬಂದು ಹೋದಾಗಲೆಲ್ಲ ಊರವರು ಅರ್ಧ ನಗುತ್ತ, ಅರ್ಧ ನಿಜವಾಗಿಯೇ, "ಅಕ್ಕಾರ ಕೋಟು ನೋಡಿ ಹೊಳ್ಳಿ ಹೋತು" ಎನ್ನತೊಡಗಿದರು. ಅವ್ವ ಕೋಟನ್ನು ಟ್ರಂಕಿನಲ್ಲಿ ಹಾಕಿ ಬೀಗ ಜಡಿದಳು.

ಅಷ್ಟರಲ್ಲಿ ಕಸ್ತೂರಿಗೆ ದಿನ ತುಂಬುತ್ತ ಬಂದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಈಗ ಅವಳಿಗೆ ತವರೆಂದರೆ ತಿಕೋಟಾದ ನಮ್ಮ ಬಾಡಿಗೆ ಮನೆ. ಅವಳ ಹಿಂದಿನ ಬಸುರು ನಿಲ್ಲದೆ ಹೋಗಿತ್ತಾದ್ದರಿಂದ ಎಲ್ಲರಿಗೂ ಜೀವದಲ್ಲಿ ಜೀವ ಇರಲಿಲ್ಲ. ಬಸ್ಸಿನ ಕುಲುಕಾಟ ಬೇಡವೇ ಬೇಡ ಎಂದು ಅವ್ವ ಹಟ ಹಿಡಿದು ಮಾಬುಸಾಬ ಕಾಕಾನ ಸವಾರಿ ಬಂಡಿ ಹೇಳಿದಳು. ಮಾಬುಸಾಬ ಕಾಕಾ ನಮ್ಮ ಓಣಿಯವನೇ. ಎತ್ತುಗಳನ್ನು ಮಕ್ಕಳ ಹಾಗೆ ಮಾತಾಡಿಸಿ ನಡೆಸುವವನು, ಬಾರುಕೋಲನ್ನು ಶೋಭೆಗೆ ಮಾತ್ರ ಹಿಡಿಯುವವನು. ಬಂಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಗಾದಿ, ಅದರ ಮೇಲೆ ಕೌದಿ ಹಾಕಿಕೊಂಡು ಅವ್ವ ಅವನೊಡನೆ ಬಬಲೇಶ್ವರಕ್ಕೆ ಹೋದಳು. ಮರುದಿನ ನಸುಕಿನಲ್ಲಿ ಅಲ್ಲಿಂದ ಹೊರಟು ದೀಪ ಹಚ್ಚುವ ಹೊತ್ತಿಗೆ ಊರು ಸೇರುವುದೆಂದು ಮಾತಾಗಿತ್ತು. ದಾರಿಯಲ್ಲಿ ಒಂದು ದೊಡ್ಡ ಹಳ್ಳ. ಅದರಲ್ಲಿ ಒಣ ಮರಳು ಬಿಟ್ಟರೆ ಬೇರೇನನ್ನೂ ಜನ ಬಹಳ ದಿನದಿಂದ ಕಂಡಿರಲಿಲ್ಲ.

ಆ ಮರುದಿನ ಮಧ್ಯಾಹ್ನ, ನಾನು ಮಕ್ಕಳಿಗೆ ಕಾಗುಣಿತ ಹೇಳಿಸುತ್ತಿದ್ದೆ. ಕೋಣೆಯೊಳಗೆ ಒಮ್ಮೆಲೇ ಕತ್ತಲಾಯಿತು. ಹೊರಗೆ ಬಂದು ನೋಡಿದರೆ ಬಿಜ್ಜರಗಿಯ ದಿಕ್ಕಿನಿಂದ ಮೋಡ ಎದ್ದಿತ್ತು. ಎದ್ದಿತ್ತೆಂದರೆ ಹೇಗೆ! ಕರಿ ಕುರಿಯ ಹಿಂಡನ್ನು ಯಾರೋ ಬೆನ್ನಟ್ಟಿ ಹೊಡೆದುಕೊಂಡು ಬಂದ ಹಾಗೆ. ಮಣ್ಣಿನ ವಾಸನೆ ಬಂತು. ಮಕ್ಕಳು "ಮಳಿ! ಮಳಿ!" ಎಂದು ಚೀರಿದರು. ಹೆಡ್ ಮಾಸ್ತರರು ತಾವೇ ಗಂಟೆ ಬಾರಿಸಿ ಶಾಲೆ ಬಿಟ್ಟರು. ನಾನು ಮನೆಗೆ ಓಡಿದೆ. ಟ್ರಂಕಿನ ಕೀಲಿ ಅವ್ವನ ಸೊಂಟದಲ್ಲಿ ಬಬಲೇಶ್ವರಕ್ಕೆ ಹೋಗಿತ್ತು! ಕಲ್ಲು ತೆಗೆದುಕೊಂಡು ಬೀಗ ಒಡೆದೆ. ಆಮೇಲೆ ಬೈಸಿಕೊಂಡರಾಯಿತು. ಕೋಟು ತೊಟ್ಟು ಟಕ್ ಟಕ್ ಎಂದು ಬಟನ್ ಒತ್ತಿ, ಟೊಪ್ಪಿಗೆ ಏರಿಸಿ ಬಾಗಿಲಿಗೆ ಬರುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಆ ಹೊತ್ತನ್ನು ನಾನು ಏನೆಂದು ಬರೆಯಲಿ! ಮಳೆ ಸುರಿಯಿತು, ಸುರಿಯಿತು, ಸುರಿಯಿತು. ನಾನು ಮನೆಯಿಂದ ಪೇಟೆಗೆ, ಪೇಟೆಯಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಶಾಲೆಗೆ, ಮತ್ತೆ ಪೇಟೆಗೆ ತಿರುಗಿದೆ. ಊರ ಜನವೆಲ್ಲ ಕಟ್ಟೆಯ ಮೇಲೆ, ಅಂಗಡಿಯ ತಗಡಿನ ಕೆಳಗೆ ನಿಂತು ಮಳೆ ನೋಡುತ್ತಿತ್ತು. ಮಳೆಯೊಳಗೆ ಮೆರವಣಿಗೆ ಹೊರಟವಳು ನಾನೊಬ್ಬಳೇ. "ಅಕ್ಕಾರ ಕೋಟಿನ ದಿನಾ ಬಂತೋ!" ಎಂದು ಯಾರೋ ಕೂಗಿದರು. ಹೋಟೆಲಿನವನು ಕರೆದು ಬಿಸಿ ಭಜಿ ಕೈಗಿಟ್ಟ, ಮಳೆಯಲ್ಲೇ ನಿಂತು ತಿಂದೆ. ನೀಲವ್ವಾಯಿಯ ಕಟ್ಟೆಯ ಮುಂದೆ ನಿಂತು ಕೈ ಚಾಚಿ, "ಆಯಿ, ನೋಡ್ರಿ! ನನ್ನ ಕೋಟ ನೋಡಿನೂ ಬಂತು ಮಳಿ!" ಎಂದು ಬಿದ್ದು ಬಿದ್ದು ನಕ್ಕೆ. ಮುದುಕಿಯೂ ಬೊಚ್ಚು ಬಾಯಿ ತೆರೆದು ನಕ್ಕಳು. ಅಷ್ಟು ಖುಷಿ ನನ್ನ ಆಯುಷ್ಯದಲ್ಲಿ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಅವ್ವ, ಕಸ್ತೂರಿ, ಬಂಡಿ, ಹಳ್ಳ, ಒಂದೂ ನನ್ನ ಮನಸ್ಸಿನಲ್ಲಿ ಇರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಹೊತ್ತು ಮುಳುಗಿದ ಮೇಲೆ ಮಳೆ ನಿಂತಿತು. ಮನೆಗೆ ಬಂದು ಕೋಟು ತೆಗೆದು ಕೊಡವುತ್ತಿದ್ದೆ. ಹೊಲದಿಂದ ಬಂದ ಪಕ್ಕದ ಮನೆಯವನು ಬಾಗಿಲಲ್ಲೇ ನಿಂತು ಕೇಳಿದ: "ಅಕ್ಕಾರ, ನಿಮ್ಮ ಅವ್ವಾರು ಬಂದ್ರೇನ್ರಿ? ಹಳ್ಳ ಬಂದೈತಿ."

ನಮ್ಮ ಕಡೆ "ಹಳ್ಳ ಬಂತು" ಎಂದರೆ ಎರಡು ಅರ್ಥ. ದಾರಿಯಲ್ಲಿ ಹೋಗುವವರು ಹೇಳಿದರೆ ಹಳ್ಳದ ತನಕ ಬಂದು ಮುಟ್ಟಿದೆವು ಎಂದು. ಮಳೆಗಾಲದಲ್ಲಿ ಹೇಳಿದರೆ ಹಳ್ಳಕ್ಕೆ ಮಹಾಪೂರ ಬಂದಿದೆ ಎಂದು. ನಮ್ಮ ಹಳ್ಳಗಳು ಬಲು ಮೋಸದವು. ಮೇಲೆಲ್ಲೋ ಮಳೆಯಾಗಿರುತ್ತದೆ, ಇಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ, ಒಣ ಮರಳಿನಲ್ಲಿ ನೀರು ಗೋಡೆಯ ಹಾಗೆ ಎದ್ದು ಬರುತ್ತದೆ. ಎತ್ತಿನ ಒಂದು ಕೋಡು ತೋಯಿಸಿ ಇನ್ನೊಂದನ್ನು ಒಣಗಿಸುವ ಮಳೆ ನಮ್ಮದು. ನನ್ನ ಕೈಯಿಂದ ಕೋಟು ಜಾರಿತು. ಅವರು ಮರಳಿನಲ್ಲಿ ಇಳಿಯುವ ಹೊತ್ತೂ ನೀರು ಬಂದ ಹೊತ್ತೂ ಒಂದೇ ಆಗಿದ್ದರೆ? ದಿನ ತುಂಬಿದ ಬಸುರಿ ಬಂಡಿಯಿಂದ ಹೇಗೆ ಇಳಿದಾಳು? ಹೇಗೆ ಓಡಿಯಾಳು? ಅವತ್ತು ರಾತ್ರಿ ಹೊರಡಲು ಎಷ್ಟು ಹಾರಾಡಿದರೂ ಯಾರೂ ಬಿಡಲಿಲ್ಲ. ನೆನೆದ ಎರೆ ಮಣ್ಣಿನಲ್ಲಿ ಕಾಲಿಟ್ಟರೆ ಕಾಲು ಹೊರಗೆ ಬರುವುದಿಲ್ಲ. ನೀಲವ್ವಾಯಿ ನನ್ನ ಕೈ ಹಿಡಿದು ಕೂತೇ ಇದ್ದಳು.

ಬೆಳಗಾದೊಡನೆ ಓಣಿಯ ನಾಲ್ಕಾರು ಜನರೊಡನೆ ಹೊರಟೆ. ಹೆಜ್ಜೆಗೊಮ್ಮೆ ಕಾಲಿಗೆ ಮಣ್ಣು ಮೆತ್ತಿ, ಕೋಲಿನಿಂದ ಕೆರೆದು, ಬಿದ್ದು ಎದ್ದು ಹಳ್ಳ ಮುಟ್ಟುವುದಕ್ಕೆ ಜೀವ ಹೋಗಿ ಬಂತು. ಹಳ್ಳ ಇನ್ನೂ ತುಂಬಿ ಹರಿಯುತ್ತಿತ್ತು. ಆಚೆ ದಂಡೆಯ ಬೇವಿನ ಗಿಡದ ಕೆಳಗೆ ಬಂಡಿ ನಿಂತಿತ್ತು! ಎತ್ತುಗಳು ಮೇಯುತ್ತಿದ್ದವು. ಅವ್ವ ಒಲೆ ಹೂಡಿ ಏನೋ ಕಾಯಿಸುತ್ತಿದ್ದಳು. ಕಸ್ತೂರಿ ಬಂಡಿಯಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಅಳುತ್ತ, ನಗುತ್ತ, "ಅವ್ವಾ" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

ಅವ್ವ ಎದ್ದು ದಂಡೆಗೆ ಬಂದು, ಹಳ್ಳದ ಸದ್ದಿನ ಮೇಲೆ ತನ್ನ ದನಿ ಏರಿಸಿ ಬೈಯತೊಡಗಿದಳು: "ಈಗ ಬಂದೇನ? ನಿನ್ನಿ ಎಲ್ಲಿಗೆ ಓಡಿ ಹೋದಿ ಬೇ? ನಾವು ಒದರಿ ಒದರಿ ಸತ್ವಿ, ಒಮ್ಮೆರ ಹೊಳ್ಳಿ ನೋಡಿದೇನ? ಟ್ರಂಕಿನ ಬೀಗ ಒಡದೀ ಹೌದಲ್ಲೋ?"

"ನಿನ್ನಿ ನಾ ಎಲ್ಲಿ ಬಂದಿದ್ನಿ?" ಎಂದು ಈ ಕಡೆಯಿಂದ ಕೂಗಿದೆ, ಹಳ್ಳದ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ.

ನೀರು ಇಳಿದ ಮೇಲೆ ಮಾಬುಸಾಬ ಕಾಕಾ ಬಂಡಿ ದಾಟಿಸಿ ತಂದ. ಆಗ ಮೂವರೂ ಹೇಳಿದ್ದು ಇಷ್ಟು. ಹಿಂದಿನ ದಿನ ಹೊತ್ತು ಇಳಿಯುವಾಗ ಬಂಡಿ ಹಳ್ಳಕ್ಕೆ ಬಂತು. ಅಲ್ಲಿ ಮಳೆಯ ಹನಿಯಿಲ್ಲ, ಬಿಸಿಲು ಹೊಡೆದಿತ್ತು. ತಿಕೋಟಾದ ಕಡೆ ದೂರದಲ್ಲಿ ಕಪ್ಪಿತ್ತು, ಅಷ್ಟೇ. ಈ ಕಡೆಯ ದಂಡೆಯ ಮೇಲೆ ನಾನು ನಿಂತಿದ್ದೆನಂತೆ. ಹಸಿರು ಕೋಟು, ತಲೆಯ ಮೇಲೆ ಟೊಪ್ಪಿಗೆ. ಆ ಬಿಸಿಲಿನಲ್ಲಿ ಕೋಟಿನಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತಂತೆ. ಇದೆಲ್ಲಿ ತೊಯ್ದು ಬಂತು ಈ ಹುಡುಗಿ ಎಂದು ಅವ್ವ ಅಂದುಕೊಂಡಳಂತೆ. ನಾನು ಎರಡೂ ಕೈ ಅಗಲಿಸಿ, "ಅವ್ವಾ, ಹಳ್ಳ ಬಂತು!" ಎಂದು ಕೂಗಿದೆನಂತೆ.

ಒಣ ಹಳ್ಳ ಕಣ್ಣ ಮುಂದೆ ಬಿದ್ದಿದೆ. ಮಹಾಪೂರದ ಮಾತು ಯಾರಿಗೆ ಹೊಳೆಯಬೇಕು? ಮಾಬುಸಾಬ ಕಾಕಾ ಎರಡನೆಯ ಅರ್ಥ ಬಿಟ್ಟು ಮೊದಲನೆಯದನ್ನೇ ಹಿಡಿದ. ಹಳ್ಳದ ತನಕ ಬಂದಿರಿ ಎಂದು ಅಕ್ಕಾರು ನನಗೆ ದಾರಿ ಹೇಳಿಕೊಡುತ್ತಾರಲ್ಲ ಎಂದು ಅವನಿಗೆ ನಗು ಬಂತು. ಇಳಿಜಾರಿನ ತುದಿಯಲ್ಲಿ ಎತ್ತುಗಳ ಹಗ್ಗ ಜಗ್ಗಿ ನಿಲ್ಲಿಸಿ, "ಹೌದ್ರೀ ಅಕ್ಕಾರ, ಹಳ್ಳ ಬಂತು! ಇನ್ನಷ್ಟು ನಡದ್ರ ಊರೂ ಬರತೈತ್ರಿ!" ಎಂದು ಚೇಷ್ಟೆ ಮಾಡಿದ. ಬಂಡಿ ನಿಂತದ್ದು ಆ ಒಂದು ಚೇಷ್ಟೆಗೆ. ಅವನ ಮಾತು ಬಾಯಲ್ಲಿರುವಾಗಲೇ ಎತ್ತುಗಳು ಕಿವಿ ನಿಗುರಿಸಿ ಹಿಂದೆ ಸರಿದವು. ಕಸ ಕಡ್ಡಿ, ಜಾಲಿಯ ಬುಡ, ಕೆಂಪು ನೊರೆ ಎಲ್ಲವನ್ನೂ ಹೊತ್ತು ನೀರು ಬಂದೇ ಬಿಟ್ಟಿತು. ನಿಲ್ಲಿಸದೆ ಇಳಿದಿದ್ದರೆ ಬಂಡಿ ಮರಳಿನ ನಟ್ಟನಡುವೆ ಇರುತ್ತಿತ್ತು. ಅವರು ಬಂಡಿ ಹಿಂದಕ್ಕೆ ಸರಿಸಿ ನೋಡುವುದರಲ್ಲಿ ಈಚೆ ದಂಡೆಯಲ್ಲಿ ಯಾರೂ ಇರಲಿಲ್ಲ.

ನಾನು ಹೇಳಿದೆ, ಅದು ನಾನಲ್ಲ. ಅವ್ವ ನಂಬಲಿಲ್ಲ. "ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ದನಿ ನನಗ ತಿಳಿಯೂದಿಲ್ಲೇನು?" ಎಂದಳು. ನನ್ನ ಕಡೆಯಿಂದ ಸಾಕ್ಷಿ ಹೇಳಲು ತಿಕೋಟಾ ಊರಿಗೆ ಊರೇ ಇತ್ತು. ಹೆಡ್ ಮಾಸ್ತರರು, ಹೋಟೆಲಿನವನು, ನೀಲವ್ವಾಯಿ, ಕಟ್ಟೆಯ ಮೇಲಿನ ಅಷ್ಟೂ ಜನ, "ಅಕ್ಕಾರು ಹೊತ್ತು ಮುಳುಗೂತನಾ ನಮ್ಮ ಕಣ್ಣ ಮುಂದನ ಕುಣಿಯಾಕತ್ತಿದ್ರು" ಎಂದರು. ಕದ್ದು ಹೋಗಿ ಬಂದಿದ್ದೇನೆ ಎಂದರೆ ಆ ಎರೆ ಮಣ್ಣಿನ ದಾರಿಯಲ್ಲಿ ಕುದುರೆ ಕೂಡ ಹೋಗಿ ಬರಲಾರದು. ಬೇರೆ ಯಾರಾದರೂ ರೇನ್‌ಕೋಟಿನವರು ಇದ್ದರೇನೋ ಎಂದು ಸುತ್ತಲಿನ ಊರುಗಳಲ್ಲಿ ವಿಚಾರಿಸಿದೆ. ಬಿಜಾಪುರದಲ್ಲಿ ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಗಳಲ್ಲೂ ಕೇಳಿದೆ. "ಮಳಿಕೋಟ ಇಟ್ಕೊಂಡು ನಾವು ಉಪಾಸ ಬೀಳೋಣೇನ್ರಿ?" ಎಂದು ನಕ್ಕರು. ಕಂಬಳಿಯ ಕೊಪ್ಪೆ ಹಾಕಿಕೊಂಡ ಕುರುಬರ ಪೈಕಿ ಯಾರೋ ಇದ್ದಿರಬೇಕು ಎಂದೆ. ಮಾಬುಸಾಬ ಕಾಕಾ ಯಾವತ್ತೂ ನನ್ನ ಮಾತಿಗೆ ಎದುರಾಡಿದವನಲ್ಲ, ಅವತ್ತು ಬೇಸರ ಮಾಡಿಕೊಂಡ. "ಕಂಬಳಿ ಯಾವುದು, ಕೋಟ ಯಾವುದು ನನಗ ಗೊತ್ತಾಗೂದಿಲ್ಲೇನ್ರಿ ಯವ್ವಾ? ಕುರುಬಾ ನಿಮ್ಮ ದನೀಲೆ ನಿಮ್ಮ ಅವ್ವಾರಿಗೆ 'ಅವ್ವಾ' ಅಂತ ಒದರತಾನೇನ್ರಿ?" ಎಂದ.

ನೀಲವ್ವಾಯಿ ಮಾತ್ರ ಒಂದು ಗಳಿಗೆಯೂ ತಲೆ ಕೆಡಿಸಿಕೊಳ್ಳಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ, "ಮಳಿನ ಬಂದಿತ್ತವ್ವಾ. ನಿನ್ನ ಕೋಟ ಅದಕ್ಕ ಚಲೋ ಕಂಡಿತ್ತು, ಹಾಕ್ಕೊಂಡು ಹೋಗಿತ್ತು" ಎಂದಳು. ಹಾಗೆ ನಂಬುವುದು ನನ್ನಿಂದ ಆಗಲಿಲ್ಲ. ಆದರೆ ಆವಿ, ಮೋಡ ಎಂದು ಆಕೆಗೆ ಪಾಠ ಹೇಳಲೂ ಹೋಗಲಿಲ್ಲ.

ಕಸ್ತೂರಿಗೆ ಹೆಣ್ಣು ಹುಟ್ಟಿತು, ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಬಾಣಂತಿ ಕೋಣೆಯಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತ ಅವಳು ಒಂದು ಮಾತು ಹೇಳಿದಳು. ಅದೇ ನನ್ನನ್ನು ಇಷ್ಟು ವರ್ಷ ಬಿಡದೆ ಕಾಡಿದ್ದು. "ಅಕ್ಕಾ, ನೀ ಅಂಜಿ ಒದರಲಿಲ್ಲ. ನೀ ನಗಾಕತ್ತಿದ್ದಿ. ಬಿದ್ದು ಬಿದ್ದು ನಗಾಕತ್ತಿದ್ದಿ. ಅದಕ್ಕ ನಮಗ ಭಯಾನ ಆಗಲಿಲ್ಲ" ಎಂದಳು. ಆ ಹೊತ್ತಿಗೆ ಸರಿಯಾಗಿ ನಾನು ನೀಲವ್ವಾಯಿಯ ಕಟ್ಟೆಯ ಮುಂದೆ ಕೈ ಚಾಚಿ ನಗುತ್ತ ನಿಂತದ್ದು ಕಸ್ತೂರಿಗೆ ಗೊತ್ತಿರಲಿಲ್ಲ. ಯಾರೂ ಅವಳಿಗೆ ಹೇಳಿರಲಿಲ್ಲ.

ನಾನು ಅವರಿಗಾಗಿ ಹರಕೆ ಹೊತ್ತು ಕೂತಿದ್ದರೆ, ಅವರನ್ನೇ ನೆನೆದು ಅಳುತ್ತಿದ್ದರೆ, ಮನಸ್ಸಿನ ಶಕ್ತಿ ಎಂದೋ ಕರುಳಿನ ಸೆಳೆತ ಎಂದೋ ಏನಾದರೂ ಒಂದು ಹೆಸರಿಟ್ಟು ಸಮಾಧಾನ ಮಾಡಿಕೊಳ್ಳಬಹುದಿತ್ತು. ದುಃಖದಲ್ಲಿ ಸತ್ತವರು ದೆವ್ವವಾಗಿ ತಿರುಗುತ್ತಾರೆ ಎನ್ನುತ್ತಾರೆ, ಅದಕ್ಕಾದರೂ ಒಂದು ತರ್ಕ ಇದೆ. ನಾನು ಜೀವಂತ ಇದ್ದೆ, ಕೈಯಲ್ಲಿ ಭಜಿ ಇತ್ತು, ಯಾರ ನೆನಪೂ ಇಲ್ಲದಷ್ಟು ಸಂತೋಷದಲ್ಲಿದ್ದೆ. ಸಂತೋಷ ತುಂಬಿ ಚೆಲ್ಲಿದರೆ ಅದೂ ಎದ್ದು ನಡೆದುಕೊಂಡು ಹೋಗುತ್ತದೆಯೇ? ಮೂರು ಹರದಾರಿ ದೂರ? ಯಾರಿಗಾದರೂ ಗೊತ್ತಿದ್ದರೆ ಹೇಳಿ, ನಾನು ಕೇಳಲು ತಯಾರಿದ್ದೇನೆ. ಫೌಜದಾರನ ಪ್ರಶ್ನೆ ಹಾಕುವುದನ್ನು ಬಿಟ್ಟು ಬಹಳ ಕಾಲವಾಯಿತು.

ಕೋಟು ಕೆಲವು ಬೇಸಿಗೆಗಳ ನಂತರ ಬಿರಿದು, ಅಂಟಿಕೊಂಡು, ಹಾಳಾಯಿತು. ಆಮೇಲೆ ಎಷ್ಟೋ ರೇನ್‌ಕೋಟು ಕೊಂಡೆ, ಆ ಟಕ್ ಟಕ್ ಸದ್ದು ಯಾವುದರಲ್ಲೂ ಬರಲಿಲ್ಲ. ಅವ್ವ ಹೋದಳು, ಮಾಬುಸಾಬ ಕಾಕಾನೂ ಹೋದ. ಇಬ್ಬರೂ ಕೊನೆಯ ತನಕ ಅದು ನಾನೇ ಎಂದು ನಂಬಿ, ನನ್ನನ್ನು ಹರಸಿಯೇ ಹೋದರು. ಈಗ ಆ ದಿನದ ಸಾಕ್ಷಿ ಉಳಿದವಳು ಕಸ್ತೂರಿ ಒಬ್ಬಳೇ. ಇತ್ತೀಚೆಗೆ ಬಬಲೇಶ್ವರದಲ್ಲಿ ಅವಳ ಮನೆಗೆ ಹೋಗಿದ್ದೆ. ಇಬ್ಬರಿಗೂ ತಲೆ ಬೆಳ್ಳಗಾಗಿದೆ. ಹೊರಗೆ ಮೋಡವಾಗಿತ್ತು, ಹಳೆಯ ಮಾತು ಮತ್ತೆ ಬಂತು. ನಾನು ಅವಳ ಕೈ ಹಿಡಿದು, "ಖರೇ ಹೇಳ್ತೀನಿ ಕಸ್ತೂರಿ, ನಿನ್ನಾಣಿ, ಅದು ನಾ ಅಲ್ಲ" ಎಂದೆ.

"ಆತು ಬಿಡಕ್ಕಾ, ನೀ ಅಲ್ಲ" ಎಂದಳು. ನನ್ನ ಮುಖ ನೋಡಿದಳು. "ಆದ್ರ ನೀನ ಹೇಳು. ನಾ ಬರತೀನಂತ ಅಷ್ಟು ಹಿಗ್ಗೀಲೆ ಹಾದಿ ಕಾಯೋರು, ಈ ಭೂಮಿ ಮ್ಯಾಲ ನೀ ಬಿಟ್ರ ನನಗ ಮತ್ತ ಯಾರದಾರ?"

ನನಗೆ ಅಳು ಬಂತು.